ಬೆಳಕಿನ ಕಣಿವೆಯ ಬರ್ನಾರ್ಡ್

ದೊಡ್ಡ ಕಟ್ಟಡಗಳನ್ನು ಕಟ್ಟಿಸಿದವರ ಹೆಸರು ವಾಸ್ತುಶಿಲ್ಪದ ಚರಿತ್ರೆಯಲ್ಲಿ ಉಳಿಯುವುದು ಸಹಜ. ಕಟ್ಟಡದ ಆಡಂಬರವನ್ನು ಖಂಡಿಸಿದವನೊಬ್ಬನ ಹೆಸರು ಅಲ್ಲಿ ಉಳಿಯುವುದು ಅಪರೂಪ. ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ ಬಾಳಿದ ಕ್ಲೇರ್ವೋದ ಬರ್ನಾರ್ಡ್ ಅಂಥವನು. ಅವನು ಶಿಲ್ಪಿಯಾಗಿರಲಿಲ್ಲ; ಕಟ್ಟಡಗಳ ನಕ್ಷೆಯನ್ನು ಬರೆದವನೂ ಅಲ್ಲ. ಸಂನ್ಯಾಸಿಯ ಮನೆ ಹೇಗಿರಬೇಕು ಎಂಬ ಒಂದು ಪ್ರಶ್ನೆಯನ್ನು ಜೀವನದುದ್ದಕ್ಕೂ ಹೊತ್ತುಕೊಂಡು ನಡೆದವನು. ಆ ಪ್ರಶ್ನೆಗೆ ಅವನ ಮಾತು ಕೊಟ್ಟ ಉತ್ತರ ಒಂದು, ಅವನ ಬದುಕು ಕೊಟ್ಟ ಉತ್ತರ ಮತ್ತೊಂದು. ಸಿಸ್ಟರ್ಸಿಯನ್ ಮಠಗಳ ಕಲ್ಲಿನ ಗೋಡೆಗಳಲ್ಲಿ ಇವೆರಡನ್ನೂ ಓದಬಹುದು.

ಬರ್ನಾರ್ಡ್ ಹುಟ್ಟಿದ್ದು 1090ರಲ್ಲಿ, ಬರ್ಗಂಡಿ ಸೀಮೆಯ ದಿಜೋನ್ ನಗರದ ಸಮೀಪದ ಒಂದು ಚಿಕ್ಕ ಕೋಟೆಮನೆಯಲ್ಲಿ. ತಂದೆ ತೆಸ್ಸೆಲಿನ್ ಬರ್ಗಂಡಿಯ ಡ್ಯೂಕನ ಊಳಿಗದಲ್ಲಿದ್ದ ಯೋಧ. ತಾಯಿ ಅಲೆತ್ ಮೋಂಬಾರ್ ಮನೆತನದ ಹೆಣ್ಣುಮಗಳು. ಆರು ಗಂಡು ಮಕ್ಕಳೂ ಒಬ್ಬ ಹೆಣ್ಣು ಮಗಳೂ ಇದ್ದ ಆ ಮನೆಯಲ್ಲಿ ಬರ್ನಾರ್ಡ್ ಮೂರನೆಯವನು. ಅಣ್ಣಂದಿರು ಕತ್ತಿ ಹಿಡಿಯಲು ಕಲಿತರೆ, ಮೈಯಲ್ಲಿ ಅಷ್ಟು ಕಸುವಿಲ್ಲದ ಈ ಹುಡುಗ ಶಾತಿಯೋನ್ ಊರಿನ ಇಗರ್ಜಿಯ ಶಾಲೆಗೆ ಹೋಗಿ ಲ್ಯಾಟಿನ್ ಕಲಿತ. ಮುಂದೆ ಯೂರೋಪಿನ ಲ್ಯಾಟಿನ್ ಗದ್ಯದಲ್ಲಿ ಅವನದು ಶ್ರೇಷ್ಠ ಹೆಸರುಗಳಲ್ಲೊಂದು ಆಗುವುದಕ್ಕೆ ಅಡಿಪಾಯ ಬಿದ್ದದ್ದು ಅಲ್ಲಿ. ಅವನು ಇನ್ನೂ ಹದಿಹರೆಯದಲ್ಲಿದ್ದಾಗ ತಾಯಿ ತೀರಿಕೊಂಡಳು. ಆ ಸಾವು ಅವನ ಮನಸ್ಸನ್ನು ವೈರಾಗ್ಯದ ಕಡೆಗೆ ತಿರುಗಿಸಿತೆಂದು ಅವನ ಚರಿತ್ರೆಕಾರರು ಹೇಳುತ್ತಾರೆ.

ಆ ಹೊತ್ತಿಗೆ ದಿಜೋನಿನ ದಕ್ಷಿಣಕ್ಕೆ, ಜೊಂಡು ಬೆಳೆದ ಜವುಗುನೆಲದ ಕಾಡಿನಲ್ಲಿ, ಸಿತೋ ಎಂಬ ಹೊಸ ಮಠವೊಂದು ಇತ್ತು. 1098ರಲ್ಲಿ ಮೊಲೆಮ್ ಮಠದ ರಾಬರ್ಟ್ ಕೆಲವರು ಸಂಗಡಿಗರೊಡನೆ ಅದನ್ನು ಸ್ಥಾಪಿಸಿದ್ದ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಸಂನ್ಯಾಸಿಗಳಿಗಾಗಿ ಬರೆದ ನಿಯಮವನ್ನು ಸಡಿಲಿಸದೆ ಪಾಲಿಸಬೇಕೆಂಬುದು ಅವರ ಸಂಕಲ್ಪ. ಆ ಕಾಲದ ದೊಡ್ಡ ಮಠಗಳು ಹಳ್ಳಿಗಳ ಕಂದಾಯದಿಂದಲೂ ದಶಾಂಶದಿಂದಲೂ ಬಾಳುತ್ತಿದ್ದವು. ಸಂನ್ಯಾಸಿಗಳು ಹೊಲಕ್ಕಿಳಿಯುವುದು ಅಪರೂಪವಾಗಿತ್ತು. ಸಿತೋದವರು ಅಂಥ ಆದಾಯವನ್ನು ಬೇಡವೆಂದರು. ತಮ್ಮ ಕೈದುಡಿಮೆಯಿಂದಲೇ ಉಣ್ಣಬೇಕು, ಬಣ್ಣ ಹಾಕದ ಉಣ್ಣೆಯನ್ನೇ ಉಡಬೇಕು, ಊರುಗಳಿಂದ ದೂರವಿರಬೇಕು ಎಂದು ನಿಯಮ ಮಾಡಿಕೊಂಡರು. ಬಿಳಿಯ ಉಡುಪಿನ ಈ ಸಂನ್ಯಾಸಿಗಳಿಗೆ ಸಿತೋದ ಲ್ಯಾಟಿನ್ ಹೆಸರಿನಿಂದ ಸಿಸ್ಟರ್ಸಿಯನ್ನರೆಂಬ ಹೆಸರು ಬಂತು. ಬರ್ನಾರ್ಡ್ ಬರುವ ವೇಳೆಗೆ ಅಲ್ಲಿ ಮಠಾಧಿಪತಿಯಾಗಿದ್ದವನು ಇಂಗ್ಲೆಂಡಿನಿಂದ ಬಂದ ಸ್ಟೀಫನ್ ಹಾರ್ಡಿಂಗ್.

1113ರಲ್ಲಿ ಬರ್ನಾರ್ಡ್ ಸಿತೋದ ಬಾಗಿಲಿಗೆ ಬಂದಾಗ ಒಬ್ಬನೇ ಬರಲಿಲ್ಲ. ಅವನ ಮಾತಿಗೆ ಅಂಥ ಶಕ್ತಿಯಿತ್ತು. ಸೋದರರು, ಸೋದರಮಾವ, ನೆಂಟರು, ಗೆಳೆಯರು ಸೇರಿ ಸುಮಾರು ಮೂವತ್ತು ಮಂದಿ ಅವನ ಹಿಂದೆ ಬಂದರು. ಹಿರಿಯಣ್ಣ ಗೀ ಮದುವೆಯಾಗಿ ಮಕ್ಕಳಿದ್ದವನು. ಹೆಂಡತಿಯ ಒಪ್ಪಿಗೆ ಪಡೆದು ಅವನೂ ಮಠ ಸೇರಿದ. ಎರಡನೆಯ ಅಣ್ಣ ಜೆರಾರ್ಡ್ ಮಾತ್ರ ಮೊದಲು ಒಪ್ಪಲಿಲ್ಲ. ಅವನು ಹುಟ್ಟು ಯೋಧ. ಯುದ್ಧವೊಂದರಲ್ಲಿ ಪಕ್ಕೆಗೆ ಈಟಿಯ ಗಾಯವಾಗಿ ಸೆರೆಸಿಕ್ಕ ಮೇಲೆ ಅವನ ಮನಸ್ಸೂ ತಿರುಗಿತು. ಮನೆಯಲ್ಲಿ ಉಳಿದ ಕೊನೆಯ ತಮ್ಮ ನಿವಾರ್‌ಗೆ, ಇನ್ನು ಈ ನೆಲವೆಲ್ಲ ನಿನ್ನದೇ ಎಂದು ಅಣ್ಣ ಸಮಾಧಾನ ಹೇಳಿದನಂತೆ. ಸ್ವರ್ಗವನ್ನು ನೀವು ಹಂಚಿಕೊಂಡು ನೆಲವನ್ನು ಮಾತ್ರ ನನಗೆ ಬಿಡುವುದು ಸರಿಯಾದ ಪಾಲಲ್ಲವೆಂದು ಆ ಹುಡುಗ ಉತ್ತರ ಕೊಟ್ಟನೆಂದೂ, ವಯಸ್ಸು ತುಂಬಿದ ಮೇಲೆ ಅವನೂ ಅಣ್ಣಂದಿರ ದಾರಿ ಹಿಡಿದನೆಂದೂ ಕತೆಯಿದೆ. ವಯಸ್ಸಾದ ತಂದೆ ಕೂಡ ಕಡೆಗೆ ಮಗನ ಮಠದಲ್ಲಿ ಸಂನ್ಯಾಸಿಯಾಗಿಯೇ ಕಣ್ಣುಮುಚ್ಚಿದ.

ಎರಡು ವರ್ಷ ಕಳೆಯುವಷ್ಟರಲ್ಲಿ ಸಿತೋ ತುಂಬಿ ತುಳುಕಿ ಹೊಸ ಶಾಖೆಗಳಿಗೆ ಜನರನ್ನು ಕಳುಹಿಸತೊಡಗಿತು. 1115ರ ಬೇಸಗೆಯಲ್ಲಿ ಇಪ್ಪತ್ತೈದು ವರ್ಷದ ಬರ್ನಾರ್ಡನನ್ನು ಹನ್ನೆರಡು ಮಂದಿಯ ಮುಖ್ಯಸ್ಥನನ್ನಾಗಿ ಮಾಡಿ ಸ್ಟೀಫನ್ ಉತ್ತರದ ಷಾಂಪೇನ್ ಸೀಮೆಗೆ ಕಳುಹಿಸಿದ. ಓಬ್ ನದಿಯ ಬಳಿ, ಕಾಡು ಕವಿದ ಒಂದು ಕಣಿವೆ ಅವರಿಗೆ ದಾನವಾಗಿ ಸಿಕ್ಕಿತು. ಅಲ್ಲಿ ಬೆಳೆಯುತ್ತಿದ್ದ ಒಂದು ಕಹಿಗಿಡದ ಹೆಸರೇ ಕಣಿವೆಯ ಹೆಸರಾಗಿತ್ತು. ಸಂನ್ಯಾಸಿಗಳು ಅದಕ್ಕೆ ಬೆಳಕಿನ ಕಣಿವೆ ಎಂದು ಹೊಸ ಹೆಸರಿಟ್ಟರು. ಲ್ಯಾಟಿನ್ನಿನ ಆ ಹೆಸರು ಫ್ರೆಂಚಿನಲ್ಲಿ ಕ್ಲೇರ್ವೋ ಆಯಿತು.

ಮೊದಲ ಕ್ಲೇರ್ವೋ ಮಠ ಎಂಬುದು ಒಂದು ಚೌಕನೆಯ ಮರದ ಪ್ರಾರ್ಥನಾಗೃಹ ಮತ್ತು ಅದಕ್ಕೆ ಹೊಂದಿದ ಒಂದು ವಾಸದ ಮನೆ, ಇಷ್ಟೇ. ಮನೆಯ ಕೆಳಗೆ ಊಟದ ಕೋಣೆ, ಮೇಲೆ ಅಟ್ಟದಲ್ಲಿ ಎಲ್ಲರೂ ಮಲಗುವ ಜಾಗ. ಮಠಾಧಿಪತಿಯ ಕೋಣೆ ಮೆಟ್ಟಿಲ ಪಕ್ಕದ ಇಕ್ಕಟ್ಟಿನಲ್ಲಿತ್ತು. ಇಳಿಜಾರು ಮಾಡಿನ ಕೆಳಗಿನ ಆ ಗೂಡನ್ನು ಮುಂದಿನ ಶತಮಾನಗಳ ಯಾತ್ರಿಕರು ಭಕ್ತಿಯಿಂದ ನೋಡಿಹೋಗುತ್ತಿದ್ದರು. 1708ರಲ್ಲಿ ಮಿಲ್ಲೆ ಎಂಬ ಸಂನ್ಯಾಸಿ ತಯಾರಿಸಿದ ಮಠದ ನಕ್ಷೆಯಲ್ಲಿಯೂ ಈ ಹಳೆಯ ಮಠವನ್ನು ಗುರುತಿಸಲಾಗಿದೆ. ಮೊದಲ ವರ್ಷಗಳಲ್ಲಿ ಹಸಿವು ಬಿಡಲಿಲ್ಲ. ಒರಟು ಧಾನ್ಯದ ರೊಟ್ಟಿ, ಬೇಯಿಸಿದ ಬೀಚ್ ಮರದ ಎಲೆ, ಇವೇ ಊಟ. ಬರ್ನಾರ್ಡ್ ತನ್ನ ದೇಹವನ್ನು ದಂಡಿಸಿದ ಬಗೆಗೆ ಮಿತಿಯಿರಲಿಲ್ಲ. ಹೊಟ್ಟೆಯ ಬೇನೆ ಹತ್ತಿ ಜೀವಮಾನವಿಡೀ ಉಳಿಯಿತು. ಅವನಿಗೆ ದೀಕ್ಷೆ ಕೊಟ್ಟ ಬಿಷಪ್, ಷಾಂಪೋದ ವಿಲಿಯಂ, ಸ್ಥಿತಿಯನ್ನು ಕಂಡು ಒಂದು ವರ್ಷ ಮಠದ ಹೊರಗಿನ ಗುಡಿಸಲಲ್ಲಿ ವಿಶ್ರಾಂತಿ ಪಡೆಯುವಂತೆ ಕಟ್ಟಳೆ ವಿಧಿಸಬೇಕಾಯಿತು. ಸೇಂಟ್ ತಿಯರಿ ಮಠದ ವಿಲಿಯಂ ಅವನನ್ನು ಮೊದಲು ಕಂಡದ್ದು ಆ ಗುಡಿಸಲಿನಲ್ಲಿಯೇ. ಬರ್ನಾರ್ಡನ ಮೊದಲ ಚರಿತ್ರೆಯನ್ನು ಬರೆಯತೊಡಗಿದವನೂ ಇವನೇ.

ಇದೇ ವಿಲಿಯಮನ ಕೋರಿಕೆಯ ಮೇರೆಗೆ, ಸುಮಾರು 1125ರಲ್ಲಿ, ಬರ್ನಾರ್ಡ್ ಒಂದು ದೀರ್ಘ ಪತ್ರವನ್ನು ಬರೆದ. ಅಪೊಲೊಜಿಯಾ ಎಂದು ಪ್ರಸಿದ್ಧವಾದ ಈ ಬರಹದ ಮೊದಲ ಭಾಗ ತನ್ನವರಿಗೇ ಕೊಟ್ಟ ಪೆಟ್ಟು: ಒರಟು ಬಟ್ಟೆಯನ್ನೂ ಸಪ್ಪೆ ಊಟವನ್ನೂ ನೆಚ್ಚಿಕೊಂಡು ಇತರ ಮಠಗಳವರನ್ನು ಹಳಿಯುವ ಅಹಂಕಾರ ಸಂನ್ಯಾಸಕ್ಕೆ ತಕ್ಕದ್ದಲ್ಲವೆಂಬ ಎಚ್ಚರಿಕೆ. ಬಳಿಕ ಅವನು ಕ್ಲೂನಿ ಸಂಪ್ರದಾಯದ ಮಠಗಳ ಕಡೆಗೆ ತಿರುಗಿದ. ಅಳತೆ ಮೀರಿದ ಎತ್ತರ, ಅಗತ್ಯ ಮೀರಿದ ಉದ್ದ, ಚಿನ್ನ ಮೆತ್ತಿದ ಗೋಡೆಗಳು ಅವನ ಟೀಕೆಗೆ ಗುರಿಯಾದವು. ಗೋಡೆಗೆ ಚಿನ್ನ ಹೊದಿಸಿ ಬಡವನನ್ನು ಬತ್ತಲೆ ಬಿಡುವುದು ಯಾವ ಧರ್ಮವೆಂಬುದು ಅವನ ವಾದದ ತಿರುಳು. ಊರಿನ ಜನರಿಗಾಗಿ ಇರುವ ಇಗರ್ಜಿಯಲ್ಲಿ ಅಲಂಕಾರಕ್ಕೆ ಒಂದು ಕಾರಣವಿರಬಹುದು, ಲೋಕವನ್ನೇ ತೊರೆದವನಿಗೆ ಅದರಿಂದ ಏನಾಗಬೇಕು ಎಂದೂ ಅವನು ಕೇಳಿದ. ಸಂನ್ಯಾಸಿಗಳು ಕುಳಿತು ಓದುವ ಕೈಸಾಲೆಯ ಬೋದಿಗೆಗಳ ಮೇಲೆ ಕೆತ್ತಿದ ಕೋತಿ, ಸಿಂಹ, ಅರ್ಧ ಕುದುರೆ ಅರ್ಧ ಮನುಷ್ಯನ ಆಕೃತಿಗಳು, ಒಂದು ತಲೆಗೆ ಹಲವು ದೇಹಗಳಿರುವ ವಿಚಿತ್ರ ಮೃಗಗಳು ಗ್ರಂಥದಿಂದ ಕಣ್ಣನ್ನು ಸೆಳೆಯುತ್ತವೆ ಎಂಬುದು ಅವನ ಆಕ್ಷೇಪಣೆ. ಆ ಶಿಲ್ಪಗಳನ್ನು ಅವನು ಒಂದೊಂದಾಗಿ ಬಣ್ಣಿಸಿರುವ ಸೊಗಸನ್ನು ನೋಡಿದರೆ, ಅವುಗಳ ಆಕರ್ಷಣೆಯನ್ನು ಅವನು ಬಲ್ಲವನಾಗಿದ್ದನೆಂಬುದು ಓದುಗನಿಗೆ ತಿಳಿಯದಿರದು.

ಸಿಸ್ಟರ್ಸಿಯನ್ನರ ಸಂಘ ಆ ವೇಳೆಗೆ ಒಂದು ಕಟ್ಟುನಿಟ್ಟಾದ ವ್ಯವಸ್ಥೆಯನ್ನು ಪಡೆದಿತ್ತು. ಪ್ರೇಮಶಾಸನ ಎಂಬ ಅರ್ಥದ ಹೆಸರುಳ್ಳ ಅವರ ಮೂಲ ನಿಬಂಧನೆಗೆ 1119ರಲ್ಲಿ ಪೋಪನ ಒಪ್ಪಿಗೆ ದೊರೆಯಿತು. ಪ್ರತಿವರ್ಷ ಎಲ್ಲ ಮಠಾಧಿಪತಿಗಳೂ ಸಿತೋದಲ್ಲಿ ಸಭೆ ಸೇರಬೇಕು. ತಾಯಿಮಠದ ಅಧಿಪತಿ ಮಗಳುಮಠಕ್ಕೆ ವರ್ಷಕ್ಕೊಮ್ಮೆ ಹೋಗಿ ತನಿಖೆ ಮಾಡಬೇಕು. ಎಲ್ಲೆಡೆ ಒಂದೇ ಪ್ರಾರ್ಥನೆ, ಒಂದೇ ಗ್ರಂಥ, ಒಂದೇ ದಿನಚರಿ. ಬಣ್ಣದ ಗಾಜು, ಕೆತ್ತನೆಯ ವಿಗ್ರಹ, ಕಲ್ಲಿನ ಗಂಟೆಗೋಪುರ ಇವೆಲ್ಲವನ್ನೂ ಸಂಘದ ಶಾಸನಗಳು ನಿಷೇಧಿಸಿದವು. ಬಣ್ಣ ಬಳಿದ ಮರದ ಶಿಲುಬೆಗೆ ಮಾತ್ರ ಅವಕಾಶವಿತ್ತು. ದಿನಚರಿ ಒಂದೇ ಆದ ಮೇಲೆ ಕಟ್ಟಡದ ವಿನ್ಯಾಸವೂ ಒಂದೇ ಆಗತೊಡಗಿತು. ಸಾಮಾನ್ಯವಾಗಿ ಉತ್ತರದಲ್ಲಿ ಇಗರ್ಜಿ. ಅದರ ಮಗ್ಗುಲಲ್ಲಿ ಚೌಕನೆಯ ಅಂಗಳ, ಅಂಗಳದ ಸುತ್ತ ಕಮಾನುಗಳ ಕೈಸಾಲೆ. ಪೂರ್ವದ ಸಾಲಿನಲ್ಲಿ ಸಭಾಮನೆ, ಅದರ ಮೇಲೆ ಶಯನಶಾಲೆ. ನಡುರಾತ್ರಿಯ ಪ್ರಾರ್ಥನೆಗೆ ಎದ್ದವರು ಹೊರಗಿನ ಚಳಿಗೆ ಮೈಯೊಡ್ಡದೆ ನೇರವಾಗಿ ಇಗರ್ಜಿಗೆ ಇಳಿಯಲು ಒಂದು ಮೆಟ್ಟಿಲಸಾಲು. ದಕ್ಷಿಣದಲ್ಲಿ ಬೆಂಕಿಕಾಯುವ ಕೋಣೆ, ಭೋಜನಶಾಲೆ, ಅಡುಗೆಮನೆ. ಪಶ್ಚಿಮದ ಸಾಲು ದುಡಿಮೆಯ ಸೋದರರದು. ಇವರು ವ್ರತಧಾರಿಗಳೇ ಆದರೂ ಹೆಚ್ಚಿನವರು ಅಕ್ಷರ ಬಲ್ಲವರಲ್ಲ; ಹೊಲ, ಗಿರಣಿ, ಕುಲುಮೆಗಳ ಹೊರೆಯ ಬಹುಪಾಲನ್ನು ಹೊತ್ತವರು. ಸಮಾನತೆಯ ಆದರ್ಶವನ್ನು ಹಿಡಿದ ಮಠದಲ್ಲಿಯೂ ಇಗರ್ಜಿಯೊಳಗೆ ಇವರ ಜಾಗ ಬೇರೆ, ಊಟದ ಮನೆ ಬೇರೆ.

ಸರಳತೆಯ ಬೋಧಕನಿಗೆ ನಿಜವಾದ ಪರೀಕ್ಷೆ 1135ರಲ್ಲಿ ಎದುರಾಯಿತು. ಪೋಪ್ ಪದವಿಗೆ ಇಬ್ಬರು ಹಕ್ಕುದಾರರಿದ್ದ ಬಿಕ್ಕಟ್ಟಿನ ಕಾಲ ಅದು. ಎರಡನೆಯ ಇನ್ನೊಸೆಂಟನ ಪಕ್ಷವಹಿಸಿದ ಬರ್ನಾರ್ಡ್ ವರ್ಷಗಟ್ಟಲೆ ಫ್ರಾನ್ಸ್, ಜರ್ಮನಿ, ಇಟಲಿಗಳ ದಾರಿಯಲ್ಲಿಯೇ ಕಳೆದಿದ್ದ. ಮಠಕ್ಕೆ ಮರಳಿದಾಗ ಸೋದರ ಸಂನ್ಯಾಸಿಗಳು ಅವನ ಮುಂದೆ ಒಂದು ಕಷ್ಟವನ್ನಿಟ್ಟರು. ಮಠ ಸೇರುವವರ ಸಂಖ್ಯೆ ದಿನೇ ದಿನೇ ಏರುತ್ತಿತ್ತು. ಹಳೆಯ ಜಾಗ ಇಕ್ಕಟ್ಟು. ಪ್ರಾರ್ಥನಾಗೃಹದಲ್ಲಿ ಸಂನ್ಯಾಸಿಗಳಿಗೇ ಸ್ಥಳ ಸಾಲದು. ಕಣಿವೆಯ ಕೆಳಗೆ, ನದಿಯ ಕಡೆಗೆ, ವಿಶಾಲವಾದ ಬಯಲಿತ್ತು. ಅಲ್ಲಿ ಹೊಸ ಮಠ ಕಟ್ಟಬೇಕೆಂದು ವಾದಿಸಿದವರಲ್ಲಿ ಮುಖ್ಯನಾದವನು ಬರ್ನಾರ್ಡನ ನೆಂಟನೂ ಮಠದ ಎರಡನೆಯ ಅಧಿಕಾರಿಯೂ ಆಗಿದ್ದ ಗಾಡ್‌ಫ್ರೀ. ಬರ್ನಾರ್ಡ್ ಮೊದಲು ಒಪ್ಪಲಿಲ್ಲ. ಈಗಿರುವ ಮನೆಗಳನ್ನೂ ನೀರಿನ ಕಾಲುವೆಗಳನ್ನೂ ಎಷ್ಟೋ ಬೆವರು ಸುರಿಸಿ ಕಟ್ಟಲಾಗಿದೆ; ಅವನ್ನು ಬಿಟ್ಟುಹೋದರೆ ಲೋಕದವರು ನಮ್ಮನ್ನು ಚಂಚಲರೆಂದಾರು, ಇಲ್ಲವೇ ಹಣದ ಮದವೇರಿದವರೆಂದಾರು; ಕೈಯಲ್ಲಿ ಹಣವೂ ಇಲ್ಲ ಎಂದ. ಮಠಕ್ಕೆ ದೇವರು ಜನರನ್ನು ಕಳುಹಿಸುತ್ತಿರುವಾಗ ಅವರಿಗೆ ಜಾಗವಿಲ್ಲವೆನ್ನುವುದು ಸರಿಯೇ ಎಂಬುದು ಅವರ ಮರುವಾದ. ಬಾಗಿಲಿಗೆ ಬಂದವನನ್ನು ಹಿಂದಕ್ಕೆ ಕಳುಹಿಸುವುದು ಬರ್ನಾರ್ಡನಿಗೂ ಆಗದ ಮಾತು. ಅವನು ಮಣಿದ.

ಸುದ್ದಿ ಹಬ್ಬಿದೊಡನೆ ಷಾಂಪೇನಿನ ಕೌಂಟ್ ತಿಬೋ ಉದಾರವಾಗಿ ಹಣ ಕೊಟ್ಟ. ಬಿಷಪ್ಪರೂ ವರ್ತಕರೂ ಕೈಜೋಡಿಸಿದರು. ಕೂಲಿಯವರ ಜೊತೆಗೆ ಸಂನ್ಯಾಸಿಗಳೂ ಮರ ಕಡಿದರು, ಕಲ್ಲು ಕೆತ್ತಿದರು, ಗೋಡೆ ಎತ್ತಿದರು. ನದಿಯ ನೀರನ್ನು ಕಾಲುವೆಗಳಲ್ಲಿ ಹಂಚಿ ಮಠದೊಳಗೆ ಹರಿಸಿದರು. ಆ ನೀರು ಹಿಟ್ಟಿನ ಗಿರಣಿಯನ್ನು ತಿರುಗಿಸಿ, ಉಣ್ಣೆಬಟ್ಟೆಯನ್ನು ಕುಟ್ಟುವ ಕೊಡತಿಗಳನ್ನು ಎತ್ತಿ ಇಳಿಸಿ, ಚರ್ಮ ಹದಮಾಡುವವರಿಗೆ ನೆರವಾಗಿ, ತೋಟಕ್ಕೆ ಉಣಿಸಿ, ಕೊನೆಗೆ ಕೊಳೆಯನ್ನೆಲ್ಲ ಹೊತ್ತು ಮತ್ತೆ ನದಿ ಸೇರುತ್ತಿತ್ತು. ಮಧ್ಯಯುಗದ ಒಬ್ಬ ಅಜ್ಞಾತ ಲೇಖಕ ಈ ನೀರಿನ ಪಯಣವನ್ನೇ ಒಂದು ಸುಂದರ ಬರಹವಾಗಿಸಿದ್ದಾನೆ.

ಈ ಕೆಲಸಗಳ ನಡುವೆ ಬರ್ನಾರ್ಡನ ಬಲಗೈಯಾಗಿದ್ದವನು ಅಣ್ಣ ಜೆರಾರ್ಡ್. ಒಂದು ಕಾಲದ ಯೋಧ ಈಗ ಮಠದ ಉಗ್ರಾಣದ ಅಧಿಕಾರಿ. ಗಾರೆಯವರು, ಕಮ್ಮಾರರು, ರೈತರು, ತೋಟಿಗರು, ಚಮ್ಮಾರರು, ನೇಕಾರರು, ಎಲ್ಲರ ಕಸುಬಿನ ಒಳಗುಟ್ಟೂ ಅವನಿಗೆ ಗೊತ್ತಿತ್ತು. ಅವನು ಹೊರಗಿನ ಹೊರೆಯನ್ನು ಹೊತ್ತದ್ದರಿಂದಲೇ ತಮ್ಮನಿಗೆ ಓದಲು, ಬರೆಯಲು, ಧ್ಯಾನಿಸಲು ಬಿಡುವಾಗುತ್ತಿತ್ತು. 1138ರಲ್ಲಿ ಜೆರಾರ್ಡ್ ತೀರಿಕೊಂಡ. ಶವಸಂಸ್ಕಾರದ ವಿಧಿಗಳನ್ನು ಬರ್ನಾರ್ಡ್ ಕಣ್ಣೀರಿಲ್ಲದೆ ನಡೆಸಿದ. ಬಳಿಕ ಬೈಬಲಿನ ಪರಮಗೀತೆಯ ಮೇಲೆ ತಾನು ನಡೆಸುತ್ತಿದ್ದ ಪ್ರವಚನಮಾಲೆಯನ್ನು ಎಂದಿನಂತೆ ಮುಂದುವರಿಸಲು ಕುಳಿತವನು ನಡುವೆ ಮಾತು ತಡೆದು, ಅಣ್ಣನಿಗಾಗಿ ಅತ್ತ. ಆ ಮಾಲೆಯ ಇಪ್ಪತ್ತಾರನೆಯ ಪ್ರವಚನ ಹೀಗೆ ಶೋಕಗೀತೆಯಾಗಿ ಮಾರ್ಪಟ್ಟಿತು. ಅಣ್ಣನ ಕೈಕಸುಬಿನ ಜಾಣ್ಮೆಗಳೆಲ್ಲವನ್ನೂ ಅವನು ಅಲ್ಲಿ ನೆನೆದಿದ್ದಾನೆ. 1135ರಲ್ಲಿ ತೊಡಗಿದ ಆ ಮಾಲೆ ಎಂಬತ್ತಾರು ಪ್ರವಚನಗಳವರೆಗೆ ಬೆಳೆದು, ಅವನ ಸಾವಿನಿಂದಾಗಿ ಅಪೂರ್ಣವಾಗಿ ನಿಂತಿತು.

ಬರ್ನಾರ್ಡ್ ಕಟ್ಟಲು ಒಪ್ಪಿದ ಆ ಇಗರ್ಜಿ ಇಂದು ಇಲ್ಲ. ಅದು ಹೇಗಿತ್ತೆಂದು ಊಹಿಸಲು ವಿದ್ವಾಂಸರು ಫೋಂತನೆ ಮಠದ ಕಡೆಗೆ ನೋಡುತ್ತಾರೆ. 1118ರಲ್ಲಿ ಮೋಂಬಾರ್ ಸಮೀಪದ ತೊರೆಗಳ ಕಣಿವೆಯೊಂದರಲ್ಲಿ ಕ್ಲೇರ್ವೋದ ಮಗಳುಮಠವಾಗಿ ಅದು ಹುಟ್ಟಿತು. ಹಳೆಯ ಗಾಡ್‌ಫ್ರೀಯೇ ಅದರ ಮೊದಲ ಅಧಿಪತಿಯಾಗಿದ್ದವನು. ಈಗಿರುವ ಇಗರ್ಜಿಯ ಕೆಲಸ 1139ರಲ್ಲಿ ಪ್ರಾರಂಭವಾಯಿತು. ಇಂಗ್ಲೆಂಡಿನ ನಾರ್ವಿಚ್ಚಿನ ಬಿಷಪ್ ಎವ್ರಾರ್ಡ್ ಪದವಿ ಬಿಟ್ಟು ಇಲ್ಲಿಗೆ ಬಂದು ಅದಕ್ಕೆ ಹಣವೊದಗಿಸಿದ. 1147ರಲ್ಲಿ ಅದನ್ನು ಪ್ರತಿಷ್ಠಾಪಿಸಿದವನು ಪೋಪ್ ಮೂರನೆಯ ಯೂಜೀನ್. ಅವನೂ ಹಿಂದೆ ಕ್ಲೇರ್ವೋದಲ್ಲಿ ಬರ್ನಾರ್ಡನ ಶಿಷ್ಯನಾಗಿದ್ದ ಸಂನ್ಯಾಸಿ.

ಸುಮಾರು 66 ಮೀಟರ್ ಉದ್ದದ ಈ ಇಗರ್ಜಿಯ ಮುಂಬದಿಯಲ್ಲಿ ಗೋಪುರವಿಲ್ಲ, ಬಾಗಿಲ ಮೇಲೆ ವಿಗ್ರಹಗಳಿಲ್ಲ. ಒಳಗೆ ನಡುವಣ ಅಂಕಣದ ಮೇಲೆ ಉದ್ದಕ್ಕೂ ಒಂದೇ ಕಲ್ಲಿನ ಕಮಾನು ಛಾವಣಿ; ಅದರ ನೆತ್ತಿ ತುಸು ಚೂಪಾಗಿದೆ. ಇಂಥ ಛಾವಣಿಯ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಎರಡೂ ಪಕ್ಕದ ಅಂಕಣಸಾಲುಗಳ ಮೇಲೆ ಅಡ್ಡಡ್ಡವಾಗಿ ಸಣ್ಣ ಕಮಾನು ಛಾವಣಿಗಳನ್ನು ಕಟ್ಟಿದ್ದಾರೆ. ಅವು ಸಾಲು ಒತ್ತುಗಂಬಗಳಂತೆ ನಡುಛಾವಣಿಯನ್ನು ಹಿಡಿದು ನಿಲ್ಲಿಸಿವೆ. ಆದ್ದರಿಂದ ನಡುವಣ ಗೋಡೆಯ ಮೇಲ್ಭಾಗದಲ್ಲಿ ಕಿಟಕಿಗಳಿಗೆ ಎಡೆಯಿಲ್ಲ. ಬೆಳಕು ಪಕ್ಕದ ಸಾಲುಗಳಿಂದ ಮೆಲ್ಲಗೆ ಒಳಬರುತ್ತದೆ. ಪೂರ್ವದಿಂದ ಮತ್ತು ಪಶ್ಚಿಮದಿಂದ ನೇರವಾಗಿ ಬೀಳುತ್ತದೆ. ಬಲಿಪೀಠವಿರುವ ಭಾಗ ನಡುವಣ ಅಂಕಣಕ್ಕಿಂತ ತಗ್ಗಾಗಿ, ಹಿಂಬದಿ ಚಪ್ಪಟೆಯಾಗಿ, ಚೌಕವಾಗಿ ಮುಗಿಯುತ್ತದೆ. ಬೋದಿಗೆಗಳ ಮೇಲೆ ಸರಳವಾದ ಎಲೆಯ ಆಕಾರಗಳಷ್ಟೇ ಇವೆ. ಬಣ್ಣವಿಲ್ಲದ ಆ ಕಲ್ಲಿನ ನಡುವೆ ಏಳುವ ಗಾನವೊಂದೇ ಅಲಂಕಾರ. ಮಠದ ಆವರಣದಲ್ಲಿಯೇ, ತೊರೆಯ ದಂಡೆಯ ಮೇಲೆ, 53 ಮೀಟರ್ ಉದ್ದದ ಕುಲುಮೆಮನೆಯೊಂದು ಇಂದಿಗೂ ನಿಂತಿದೆ. ಬೆಟ್ಟದಿಂದ ತೆಗೆದ ಅದಿರನ್ನು ಅಲ್ಲಿ ಕಬ್ಬಿಣವಾಗಿಸುತ್ತಿದ್ದರು.

ಮೌನವನ್ನು ಬಯಸಿ ಮಠ ಸೇರಿದ ಬರ್ನಾರ್ಡನಿಗೆ ಮೌನ ದಕ್ಕಲಿಲ್ಲ. ರಾಜರ ಜಗಳ, ಬಿಷಪ್ಪರ ಚುನಾವಣೆ, ಪಂಡಿತರ ವಾದ, ಎಲ್ಲಕ್ಕೂ ಅವನ ಮಾತು ಬೇಕಾಯಿತು. ಕರೆಯದಿದ್ದಾಗಲೂ ಅವನು ಹೋದ. ತರ್ಕಶಾಸ್ತ್ರದ ಪ್ರಚಂಡ ಪಂಡಿತ ಪೀಟರ್ ಅಬೆಲಾರ್ಡನ ಬೋಧನೆಗಳು ವಿಶ್ವಾಸಕ್ಕೆ ಅಪಾಯವೆಂದು ಬಗೆದು, ಸಾನ್ಸ್ ನಗರದ ಧರ್ಮಸಭೆಯಲ್ಲಿ ಅವುಗಳ ಖಂಡನೆಯಾಗುವಂತೆ ಮಾಡಿದ. ಸೋತು ರೋಮಿಗೆ ಹೊರಟ ಅಬೆಲಾರ್ಡನಿಗೆ ದಾರಿಯಲ್ಲಿ ಆಶ್ರಯ ಕೊಟ್ಟವನು ಕ್ಲೂನಿಯ ಮಠಾಧಿಪತಿ ಪೀಟರ್. ಬರ್ನಾರ್ಡನಿಗೂ ಅಬೆಲಾರ್ಡನಿಗೂ ರಾಜಿಯಾದದ್ದು ಕ್ಲೂನಿಯವರ ಪ್ರಯತ್ನದಿಂದಲೇ. ಬರ್ನಾರ್ಡನ ಕಟು ಟೀಕೆಗೆ ಗುರಿಯಾಗಿದ್ದ ಮಠ ಅದು.

1144ರಲ್ಲಿ ಎಡೆಸ್ಸಾ ನಗರ ಕ್ರೈಸ್ತರ ಕೈತಪ್ಪಿತು. ಪೋಪ್ ಯೂಜೀನನ ಆಣತಿಯಂತೆ ಬರ್ನಾರ್ಡ್ 1146ರ ಮಾರ್ಚ್ 31ರಂದು ವೆಜಲೆಯಲ್ಲಿ ದೊರೆ ಏಳನೆಯ ಲೂಯಿಯ ಸಮ್ಮುಖದಲ್ಲಿ ಎರಡನೆಯ ಧರ್ಮಯುದ್ಧಕ್ಕೆ ಜನರನ್ನು ಕರೆದ. ಅದೇ ವೇಳೆ ರೈನ್ ನದಿಯ ಊರುಗಳಲ್ಲಿ ರಡುಲ್ಫ್ ಎಂಬ ಸಂನ್ಯಾಸಿಯೊಬ್ಬ ಯಹೂದಿಗಳನ್ನು ಕೊಲ್ಲುವಂತೆ ಜನರನ್ನು ಕೆರಳಿಸುತ್ತಿದ್ದ. ಬರ್ನಾರ್ಡ್ ಅದನ್ನು ವಿರೋಧಿಸಿ ಪತ್ರ ಬರೆದ. ಸಾಲದೆಂದು ತಾನೇ ಜರ್ಮನಿಗೆ ಹೋಗಿ, ಮೈನ್ಸ್ ನಗರದಲ್ಲಿ ರಡುಲ್ಫನನ್ನು ಎದುರಿಸಿ ಅವನ ಮಠಕ್ಕೆ ಹಿಂದಿರುಗಿಸಿದ. ಬಾಲ್ಯದಲ್ಲಿ ಆ ದಿನಗಳನ್ನು ಕಂಡ ಯಹೂದಿ ಲೇಖಕ, ಬಾನ್ ನಗರದ ಎಫ್ರಾಯಿಮ್, ತನ್ನ ಹೀಬ್ರೂ ವೃತ್ತಾಂತದಲ್ಲಿ ಈ ಉಪಕಾರವನ್ನು ಸ್ಮರಿಸಿದ್ದಾನೆ. ಇಷ್ಟು ಕರುಣೆ ತೋರಿದವನೇ ಎಲ್ಬ ನದಿಯಾಚೆಯ ವೆಂಡ್ ಜನರ ಮೇಲೆ ಹೊರಟ ದಂಡಿಗೂ ಒಪ್ಪಿಗೆ ಕೊಟ್ಟನೆಂಬುದನ್ನೂ ಚರಿತ್ರೆ ಮರೆತಿಲ್ಲ. 1148ರಲ್ಲಿ ದಮಾಸ್ಕಸ್ಸಿನ ಮುಂದೆ ಧರ್ಮಯುದ್ಧ ಸೋತಿತು. ದಾರಿಯುದ್ದಕ್ಕೂ ಸಾವಿರಾರು ಜನ ಸತ್ತಿದ್ದರು. ಕಳುಹಿಸಿದವನ ಮೇಲೆ ನಿಂದೆಯ ಮಳೆ ಸುರಿಯಿತು. ಯೂಜೀನನಿಗಾಗಿ ಬರೆಯುತ್ತಿದ್ದ ಗ್ರಂಥದಲ್ಲಿ ಬರ್ನಾರ್ಡ್ ಆ ಸೋಲಿಗೆ ಸಮಾಧಾನ ಹುಡುಕಿದ್ದಾನೆ. ದೇವರನ್ನು ದೂರುವುದಕ್ಕಿಂತ ಜನ ತನ್ನನ್ನೇ ದೂರುವುದು ಲೇಸೆಂಬ ನಿಲುವಿಗೆ ಬಂದಿದ್ದಾನೆ.

1153ರ ಆಗಸ್ಟ್ 20ರಂದು ಕ್ಲೇರ್ವೋದಲ್ಲಿ ಬರ್ನಾರ್ಡ್ ಕೊನೆಯುಸಿರೆಳೆದ. ಇಂಗ್ಲೆಂಡಿನ ರೀವೋ, ಐರ್ಲೆಂಡಿನ ಮೆಲ್ಲಿಫಾಂಟ್ ಮೊದಲಾದ ಮಠಗಳಿಗೆಲ್ಲ ಕ್ಲೇರ್ವೋ ತಾಯಿಮಠವಾಗಿತ್ತು. ಸಂಘದ ಮಠಗಳ ಸಂಖ್ಯೆ ಮುನ್ನೂರನ್ನು ದಾಟಿತ್ತು. ಇನ್ನು ಹೊಸ ಮಠ ಬೇಡವೆಂದು 1152ರ ಮಹಾಸಭೆ ತಡೆಯೊಡ್ಡಬೇಕಾಗಿ ಬಂದಿತ್ತು. ಸಮಾಧಿಯ ಬಳಿ ಪವಾಡಗಳಾಗುತ್ತಿವೆಯೆಂದು ಜನ ನೆರೆಯತೊಡಗಿದಾಗ, ಸಿತೋದ ಅಧಿಪತಿ ಗೋಸ್ವಿನ್ ಮಠದ ಶಾಂತಿ ಕೆಡುವುದೆಂದು ಅಂಜಿ, ಇನ್ನು ಪವಾಡ ಮಾಡಕೂಡದೆಂದು ಸತ್ತ ಬರ್ನಾರ್ಡನಿಗೇ ಅಪ್ಪಣೆ ಮಾಡಿದನೆಂದು ಸಂಘದ ಹಳೆಯ ಕತೆಯೊಂದು ಹೇಳುತ್ತದೆ. ಅಪ್ಪಣೆ ನಡೆಯಿತೆಂದೂ ಆ ಕತೆಯಲ್ಲಿದೆ.

ಕಲ್ಲಿನ ವಿಷಯದಲ್ಲಿ ಮಾತ್ರ ಅವನ ಮಾತು ಬಹುಕಾಲ ನಡೆಯಲಿಲ್ಲ. ಅವನು ಸತ್ತ ಸ್ವಲ್ಪ ಕಾಲದಲ್ಲಿಯೇ ಕ್ಲೇರ್ವೋದ ಸಂನ್ಯಾಸಿಗಳು ಇಗರ್ಜಿಯ ಸರಳವಾದ ಪೂರ್ವಭಾಗವನ್ನು ಕೆಡವಿ, ಪ್ರದಕ್ಷಿಣಾಪಥವನ್ನೂ ಅದರ ಸುತ್ತ ಒಂಬತ್ತು ಚಿಕ್ಕ ಗುಡಿಗಳನ್ನೂ ಕಟ್ಟಿದರು. ಪೂಜೆ ಸಲ್ಲಿಸುವ ಗುರುಗಳ ಸಂಖ್ಯೆ ಹೆಚ್ಚಿದ್ದು ಒಂದು ಕಾರಣ, ತಮ್ಮ ಗುರುವಿನ ಮೇಲಿನ ಭಕ್ತಿ ಇನ್ನೊಂದು. ಆ ಕೆಲಸ ಮುಗಿಯುವ ಹೊತ್ತಿಗೆ, 1174ರಲ್ಲಿ, ರೋಮ್ ಬರ್ನಾರ್ಡನನ್ನು ಸಂತನೆಂದು ಸಾರಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸಂನ್ಯಾಸಿಗಳು ಚದುರಿದರು. 1808ರಲ್ಲಿ ನೆಪೋಲಿಯನ್ನನ ಸರ್ಕಾರ ಕ್ಲೇರ್ವೋವನ್ನು ಸೆರೆಮನೆಯಾಗಿ ಮಾರ್ಪಡಿಸಿತು. ಆ ಬಳಿಕ ಇಗರ್ಜಿಯನ್ನು ಕೆಡವಿ ಅದರ ಕಲ್ಲುಗಳನ್ನು ಬೇರೆ ಕೆಲಸಗಳಿಗೆ ಸಾಗಿಸಿದರು. ಸೆರೆಮನೆ 2023ರವರೆಗೂ ನಡೆಯಿತು. ಹನ್ನೆರಡನೆಯ ಶತಮಾನದಿಂದ ಅಲ್ಲಿ ಉಳಿದಿರುವ ಮುಖ್ಯ ಕಟ್ಟಡ ಒಂದೇ. ಅದು ದುಡಿಮೆಯ ಸೋದರರು ಉಂಡು ಮಲಗುತ್ತಿದ್ದ ಉದ್ದನೆಯ ಮನೆ.

ಫೋಂತನೆಯ ಹಣೆಬರಹ ಬೇರೆ. ಕ್ರಾಂತಿಯಲ್ಲಿ ಮಾರಾಟವಾಗಿ ಅದು ಕಾಗದದ ಕಾರ್ಖಾನೆಯಾಯಿತು. 1906ರಲ್ಲಿ ಎದುವಾರ್ ಐನಾರ್ ಎಂಬ ಧನಿಕ ಅದನ್ನು ಕೊಂಡು, ಕಾರ್ಖಾನೆಯ ಕಟ್ಟಡಗಳನ್ನು ತೆಗೆಸಿ, ಮಠದ ಮೊದಲ ರೂಪವನ್ನು ಹೊರತಂದ. 1981ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ಲೂನಿಯ ಬೋದಿಗೆಗಳ ಮೃಗಗಳನ್ನು ಅಷ್ಟು ಬೆರಗಿನಿಂದ ಬಣ್ಣಿಸಿ, ಅಷ್ಟೇ ದೃಢವಾಗಿ ತನ್ನ ಮಠಗಳಿಂದ ದೂರವಿಟ್ಟ ಮನುಷ್ಯನ ಮನಸ್ಸು ಎಂಥದೆಂದು ತಿಳಿಯಬಯಸುವವರು ಇಂದು ನೋಡಬೇಕಾದದ್ದು ಅಲ್ಲಿಯ ಬರಿಯ ಕಂಬಗಳನ್ನು ಮತ್ತು ಅವುಗಳ ಮೇಲೆ ಬೀಳುವ ಬೆಳಗಿನ ಬೆಳಕನ್ನು.